ವೇದಾವತಿ ಬಯಲಿನ ಆವಿಯ ಲೆಕ್ಕ: ಉಪಗ್ರಹ ಚಿತ್ರದಿಂದ ಅಂದಾಜು ಮಾಡುವ ಕ್ರಮ

ಬಾಬಾಬುಡನ್‌ಗಿರಿ ಸೀಮೆಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅಲ್ಲಿಂದ ಮುಂದಿನ ಬಯಲಿನಲ್ಲಿ ಬಿದ್ದ ಮಳೆಯ ಬಹುಪಾಲು ಹೊಳೆಗೆ ಇಳಿಯುವುದೇ ಇಲ್ಲ. ಮಣ್ಣಿನಿಂದಲೂ ಎಲೆಗಳಿಂದಲೂ ಆವಿಯಾಗಿ ಹೋಗುತ್ತದೆ. ಈ ಬಾಷ್ಪೀಭವನ ಮತ್ತು ಬಾಷ್ಪವಿಸರ್ಜನೆಗಳ ಮೊತ್ತವನ್ನು ಇಡೀ ಜಲಾನಯನಕ್ಕೆ ಉಪಕರಣ ನೆಟ್ಟು ಅಳೆಯುವುದು ಆಗದ ಮಾತು. ಆದರೆ ನೀರು ಆವಿಯಾಗುವಾಗ ಶಾಖವನ್ನು ಹೀರುವುದರಿಂದ ಆ ನೆಲ ತಂಪಾಗಿರುತ್ತದೆ, ಆ ತಂಪು ಉಪಗ್ರಹಕ್ಕೆ ಕಾಣುತ್ತದೆ.

ಮೊದಲು ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳ ಎರಡನೇ ಹಂತದ (ಅಂದರೆ ಆಗಲೇ ಸಂಸ್ಕರಿಸಿಟ್ಟ) ಮೇಲ್ಮೈ ಉಷ್ಣಾಂಶದ ಚಿತ್ರಗಳನ್ನು ಉಚಿತವಾಗಿ ಇಳಿಸಿಕೊಳ್ಳಿ. ಎರಡೂ ಸೇರಿ 8 ದಿನಕ್ಕೊಮ್ಮೆ, ಬೆಳಿಗ್ಗೆ ಸುಮಾರು ಹತ್ತೂವರೆಗೆ ಹಾದುಹೋಗುತ್ತವೆ. ಚಿತ್ರದ ಅಂಕಿಯನ್ನು 0.00341802ರಿಂದ ಗುಣಿಸಿ 149 ಕೂಡಿಸಿದರೆ ಕೆಲ್ವಿನ್ ಮಾನದ ಉಷ್ಣಾಂಶ ಸಿಗುತ್ತದೆ. ಮೋಡ ಮತ್ತು ಮೋಡದ ನೆರಳನ್ನು ಚಿತ್ರದ ಜೊತೆಗೇ ಬರುವ, ಅಂಥ ಚುಕ್ಕೆಗಳನ್ನು ಗುರುತಿಸಿಟ್ಟ ಗುಣಮಟ್ಟದ ಪದರದ ನೆರವಿನಿಂದ ತೆಗೆದುಹಾಕಿ. ಚಿತ್ರ 30 ಮೀಟರಿನದಾಗಿ ಕಂಡರೂ ಉಷ್ಣಾಂಶದ ನಿಜವಾದ ಅಳತೆ 100 ಮೀಟರಿನದು. ಹಾಗಾಗಿ ಅರ್ಧ ಎಕರೆಯ ತೋಟದ ತಂಪಿನಲ್ಲಿ ಪಕ್ಕದ ಹೊಲದ ಬಿಸಿಯೂ ಬೆರೆತಿರುತ್ತದೆ.

ಎತ್ತರದ ತಿದ್ದುಪಡಿಯನ್ನು ನಮ್ಮ ಜಿಲ್ಲೆಯಲ್ಲಿ ಬಿಡುವಂತಿಲ್ಲ. ಮುಳ್ಳಯ್ಯನಗಿರಿಯ ನೆತ್ತಿ ಕಡೂರಿನ ಬಯಲಿಗಿಂತ ಸಾವಿರ ಮೀಟರಿಗೂ ಮೇಲಿದೆ, ಮತ್ತು ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಇದನ್ನು ಸರಿಪಡಿಸದಿದ್ದರೆ ಬೆಟ್ಟದ ಬೋಳು ಹುಲ್ಲುಗಾವಲೂ ನೀರುಂಡ ತೋಟದಂತೆ ತೋರುತ್ತದೆ.

ಬಳಿಕ ಬಿಸಿ (ಆವಿ ಏಳದ ಒಣನೆಲ) ಮತ್ತು ತಂಪು (ಆವಿ ಪೂರ್ತಿ ಏಳುವ ನೆಲ) ಎಂಬ ಎರಡು ಆಧಾರಬಿಂದುಗಳನ್ನು ಆಯಬೇಕು. ಇಡೀ ಲೆಕ್ಕ ನಿಲ್ಲುವುದೂ ಬೀಳುವುದೂ ಇವುಗಳ ಮೇಲೆಯೇ. ತಂಪಿಗೆ ನೆರಳು ಕೂಡಿಕೊಂಡ, ಚೆನ್ನಾಗಿ ನೀರು ಕಂಡ ಅಡಿಕೆ ತೋಟ ಸರಿ. ಅಯ್ಯನಕೆರೆಯ ನೀರು ಬೇಡ, ಏಕೆಂದರೆ ಕೆರೆ ಬಿಸಿಲಿನ ಶಾಖವನ್ನು ಒಳಗೇ ಇಟ್ಟುಕೊಳ್ಳುತ್ತದೆ. ಬಿಸಿಗೆ ರಾಗಿ ಕೊಯ್ಲಾದ ಮೇಲೆ ಉತ್ತು ಒಣಗಲು ಬಿಟ್ಟ ಹೊಲ ಬೇಕು. ನಾನು ಮೊದಲ ಸಲ ಮನೆಯಲ್ಲೇ ಕುಳಿತು, ಚಿತ್ರದಲ್ಲಿ ಎಲ್ಲಕ್ಕಿಂತ ಬಿಸಿಯಾದ ಚುಕ್ಕೆಯನ್ನು ಆಯ್ದಿದ್ದೆ. ಹೋಗಿ ನೋಡಿದರೆ ಅದು ಹೊಲವೇ ಅಲ್ಲ, ಹಾಸುಬಂಡೆ.

ಅಂಥ ತಪ್ಪು ಎಷ್ಟು ದುಬಾರಿ ಎಂಬುದು ಸೂತ್ರದಲ್ಲೇ ಕಾಣುತ್ತದೆ. ಬಿಸಿಬಿಂದುವಿನ ಉಷ್ಣಾಂಶದಿಂದ ಸ್ಥಳದ ಉಷ್ಣಾಂಶವನ್ನು ಕಳೆದು, ಬಿಸಿ ಮತ್ತು ತಂಪಿನ ಅಂತರದಿಂದ ಭಾಗಿಸಿದರೆ ಆವಿಯ ಪಾಲು ಬರುತ್ತದೆ. ಬಿಸಿ 47, ತಂಪು 29 ಡಿಗ್ರಿ ಎಂದಿಟ್ಟುಕೊಂಡರೆ, 46 ಡಿಗ್ರಿಯ ಕೂಳೆ ಹೊಲದ ಪಾಲು 0.06. ಬಂಡೆಯ 51 ಡಿಗ್ರಿಯನ್ನು ಬಿಸಿಬಿಂದು ಎಂದುಕೊಂಡರೆ ಅದೇ ಹೊಲದ ಪಾಲು 0.23ಕ್ಕೆ ಏರುತ್ತದೆ, ಒಣಗಿದ ಕೂಳೆ ಬೆವರತೊಡಗುತ್ತದೆ!

ಹವಾಮಾನ ಕೇಂದ್ರದ ಉಷ್ಣಾಂಶ, ತೇವಾಂಶ, ಗಾಳಿ ಮತ್ತು ಬಿಸಿಲಿನಿಂದ ಪೆನ್ಮನ್–ಮಾಂಟೀತ್ ಸೂತ್ರದಂತೆ ಆ ದಿನದ ಆಧಾರ ಆವಿಪ್ರಮಾಣವನ್ನು, ಅಂದರೆ ನೀರಿಗೆ ಕೊರತೆಯಿಲ್ಲದ ಹುಲ್ಲುನೆಲದಿಂದ ಏಳಬಹುದಾದ ಆವಿಯನ್ನು ತೆಗೆದು, ಈ ಪಾಲಿನಿಂದ ಗುಣಿಸಿ. ಆಧಾರ ಪ್ರಮಾಣ 6 ಮಿಲಿಮೀಟರ್, ಪಾಲು 0.5 ಆದರೆ ಉತ್ತರ 3 ಮಿಲಿಮೀಟರ್, ಅಂದರೆ ಹೆಕ್ಟೇರಿಗೆ ದಿನಕ್ಕೆ 30,000 ಲೀಟರ್. ಎರಡು ಚಿತ್ರಗಳ ನಡುವಿನ ದಿನಗಳಿಗೆ ಪಾಲನ್ನು ಹಂತಹಂತವಾಗಿ ಹೊಂದಿಸಿ, ಆಧಾರ ಪ್ರಮಾಣವನ್ನು ಮಾತ್ರ ದಿನದಿನದ್ದೇ ಬಳಸಿ. ನಡುವೆ ಹದಮಳೆ ಬಿದ್ದಿದ್ದರೆ ಈ ಹೊಂದಿಕೆ ನಂಬಲರ್ಹವಲ್ಲ.

ಕೊನೆಗೆ ಜೂನ್‌ನಿಂದ ಮೇವರೆಗಿನ ಮೊತ್ತವನ್ನು, ಮಳೆಯಿಂದ ಹೊರಹರಿವನ್ನೂ ಕೆರೆ ಮತ್ತು ಅಂತರ್ಜಲದ ಸಂಗ್ರಹದಲ್ಲಾದ ಏರಿಕೆಯನ್ನೂ ಕಳೆದು ಬಂದ ಅಂಕಿಯೊಡನೆ ಹೋಲಿಸಿ. ತೋಟವಿರುವ ಕಡೆ ಆವಿ ಮಳೆಯನ್ನೇ ಮೀರಿದಂತೆ ಕಂಡರೆ ಲೆಕ್ಕ ತಪ್ಪಿತೆಂದು ಅಳಿಸುವ ಮೊದಲು, ಆ ಊರಿನ ಕೊಳವೆಬಾವಿಗಳು ಈಗ ಎಷ್ಟು ಅಡಿಗೆ ಇಳಿದಿವೆ ಎಂದು ವಿಚಾರಿಸಿ.