ಬಾದಾಮಿಗೆ ಬಂದ್ರೆ ಗುಹೆ ಕೊನೆಗೆ ನೋಡಿ

ಬಾದಾಮಿಗೆ ಬಂದವರು ಜಾಸ್ತಿ ಮಂದಿ ನಾಲ್ಕು ಗುಹೆ ನೋಡಿ ಐಹೊಳೆ ಕಡೆ ಹೊರಟುಬಿಡುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅಗಸ್ತ್ಯ ತೀರ್ಥ ಅನ್ನೋ ಕೆರೆಯ ಸುತ್ತ ಗುಡ್ಡ ಕುದುರೆ ಲಾಳದ ಹಾಗೆ ನಿಂತಿದೆ, ಅದನ್ನು ಪೂರ್ತಿ ನಡೆದು ನೋಡಿ.

ಶುರು ಮಾಡಬೇಕಾದದ್ದು ಉತ್ತರದ ಕೋಟೆಯಿಂದ, ಅದೂ ಬೆಳಿಗ್ಗೆ ಬಿಡುತ್ತಿದ್ದಂತೆ. ಮ್ಯೂಸಿಯಂ ಹಿಂದಿನಿಂದ ಮೆಟ್ಟಿಲು ಏರುತ್ತದೆ. ಸ್ವಲ್ಪ ಹೋದರೆ ಎರಡು ಬಂಡೆಗಳ ನಡುವಿನ ಸಂದಿ, ಎಷ್ಟು ಇಕ್ಕಟ್ಟು ಅಂದ್ರೆ ಎರಡೂ ಕಡೆ ಗೋಡೆಯೇ, ಮೇಲೆ ಆಕಾಶದ ಒಂದು ಪಟ್ಟಿ ಮಾತ್ರ, ಒಳಗೆ ಏಪ್ರಿಲ್‌ನಲ್ಲೂ ತಂಪು. ಬಂಡೆಗೆ ಕೈ ಒತ್ತಿ ನೋಡಿ, ಅಂಗೈಗೆ ಸಣ್ಣ ಕೆಂಪು ಮರಳು ಹತ್ತುತ್ತದೆ. ಮರಳುಗಲ್ಲು ಅದು. ಕೆಲವು ಮೆಟ್ಟಿಲು ಮೊಣಕಾಲೆತ್ತರ ಇವೆ, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಮೇಲೆ ಶಿವಾಲಯ, ಹಳೆಯ ಕಣಜ. 543ರಲ್ಲಿ ಚಾಲುಕ್ಯ ದೊರೆ ಒಂದನೇ ಪುಲಕೇಶಿ ಈ ಗುಡ್ಡವನ್ನೇ ಯಾಕೆ ಕೋಟೆ ಮಾಡಿಕೊಂಡ ಅನ್ನೋದು ಅಲ್ಲಿ ನಿಂತರೆ ತಾನಾಗೇ ಗೊತ್ತಾಗುತ್ತದೆ. ಅಂಚಿಗೆ ಮಾತ್ರ ಹೋಗಬೇಡಿ, ಎಲ್ಲಾ ಕಡೆ ತಡೆಗೋಡೆ ಇಲ್ಲ.

ಕೋತಿಗಳ ವಿಷಯ. ನಮ್ಮ ಅಣ್ಣನ ಮಗಳ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಕಣ್ಣು ಮಿಟುಕಿಸೋದರೊಳಗೆ ಹೋಯಿತು, ಪಾಪ ಕೂಸು ಹೆದರಿ ಅತ್ತಿತು. ತಿಂಡಿ, ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಲೇಬೇಡಿ. ರೊಟ್ಟಿ ಬುತ್ತಿ, ಎರಡು ಲೀಟರ್ ನೀರು, ಎಲ್ಲಾ ಬ್ಯಾಗಿನೊಳಗೆ ಜಿಪ್ ಹಾಕಿ ಇಡಿ.

ಇಳಿದ ಮೇಲೆ ಕೆರೆಯ ದಂಡೆ ಹಿಡಿದು ಪೂರ್ವಕ್ಕೆ ನಡೆಯಿರಿ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ವಾಪಸ್ ಬರುತ್ತದೆ, ಒಂದೇ ಏಟು ಎರಡು ಸಲ ಕೇಳುತ್ತದೆ. ಆ ತುದಿಯಲ್ಲಿ ಭೂತನಾಥ ಗುಡಿ. ಅಲ್ಲಿ ಸುಮ್ನೆ ಕೂತುಕೊಳ್ಳಿ, ಅವಸರ ಬೇಡ. ಜೋರು ಮಳೆ ಬಿದ್ದ ದಿನವಾದರೆ ಅಕ್ಕ-ತಂಗಿ ಜಲಪಾತವೂ ಸಿಗುತ್ತದೆ, ಆದರೆ ಅಂಥ ದಿನ ಕೋಟೆಯ ಮೆಟ್ಟಿಲು ಜಾರುತ್ತದೆ, ಹತ್ತಬೇಡಿ. ತಟ್ಟುಕೋಟೆ ಹಳ್ಳಿ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಅನ್ನೋ ವೀರನ ಶಾಸನ ಇದೆ, ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಅದರಲ್ಲಿದೆ. ಊರವರನ್ನು ಕೇಳಿದರೆ ತೋರಿಸುತ್ತಾರೆ. ಇಷ್ಟು ಹತ್ತಿರ ಬಂದು ಅದನ್ನು ನೋಡದೆ ಹೋಗಬಾರದು ಅಲ್ವಾ?

ಬಿಸಿಲು ಇಳಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ, ಊರ ಕಡೆಯ ದಂಡೆ ದಾಟಿ ಗುಹೆಗಳಿಗೆ ಬನ್ನಿ. ಸಂಜೆ ಬೆಳಕಿಗೆ ಇಡೀ ಗುಡ್ಡ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಗೇಟ್ ಮುಚ್ಚುವ ಹೊತ್ತು ಟಿಕೆಟ್ ಕೊಡುವಲ್ಲೇ ಕೇಳಿಕೊಂಡು ನೇರ ನಾಲ್ಕನೆಯ ಜೈನ ಗುಹೆಗೆ ಹೋಗಿ, ಅಲ್ಲಿಂದ ಒಂದೊಂದೇ ನೋಡುತ್ತಾ ವಾಪಸ್ ಬನ್ನಿ. ಮೂರನೆಯದಕ್ಕೆ ಜಾಸ್ತಿ ಸಮಯ ಇಟ್ಟುಕೊಳ್ಳಿ, 578ರ ಚಾಲುಕ್ಯ ಮಂಗಳೇಶನ ಶಾಸನ ಇರುವುದು ಅಲ್ಲೇ.