ಕಡಲ ಫೋಟೊಗೆ ಗ್ರ್ಯಾಡ್ ಫಿಲ್ಟರ್: ಗೆರೆ ಎಲ್ಲಿ ಕೂರಬೇಕು?

ಕಾಪು, ಮರವಂತೆ, ಗೋಕರ್ಣ, ಎಲ್ಲಿ ಹೋದರೂ ನಮ್ಮ ಕಡಲು ಇರುವುದು ಪಶ್ಚಿಮಕ್ಕೇ. ಸಂಜೆ ಕ್ಯಾಮೆರಾ ಹಿಡಿದರೆ ಸೂರ್ಯ ಎದುರಿಗೇ ಇರುತ್ತಾನೆ. ಆಕಾಶಕ್ಕೆ ಎಕ್ಸ್‌ಪೋಷರ್ ಹೊಂದಿಸಿದರೆ ಬಂಡೆ ಕಪ್ಪು, ಬಂಡೆಗೆ ಹೊಂದಿಸಿದರೆ ಆಕಾಶ ಬೆಳ್ಳಗೆ. ಮೇಲೆ ಕಪ್ಪು ಛಾಯೆ, ಕೆಳಗೆ ಬರೀ ಗಾಜು ಇರುವ ಗ್ರಾಜುಯೇಟೆಡ್ ಫಿಲ್ಟರ್, ಅಂದರೆ ಗ್ರ್ಯಾಡ್, ಬೇಕಾಗುವುದು ಇಲ್ಲೇ. ಛಾಯೆ ಮತ್ತು ಬರೀ ಗಾಜು ಕೂಡುವ ಜಾಗವೇ ಗೆರೆ. ಎರಡು ಫೋಟೊ ತೆಗೆದು ಆಮೇಲೆ ಸೇರಿಸಬಹುದಲ್ವಾ ಎನ್ನುತ್ತಾರೆ ಕೆಲವರು. ಸೇರಿಸಬಹುದು. ಆದರೆ ಅಷ್ಟರಲ್ಲಿ ಅಲೆ ಜಾಗ ಬದಲಿಸಿರುತ್ತದೆ.

ಲೆನ್ಸಿಗೆ ತಿರುಗಿಸಿ ಹಾಕುವ ದುಂಡು ಗ್ರ್ಯಾಡ್ ಕೊಳ್ಳಲೇಬೇಡಿ. ಅದರ ಗೆರೆ ನಡುವಿನಿಂದ ಅಲುಗಾಡುವುದಿಲ್ಲ. ಹೋಲ್ಡರಿನಲ್ಲಿ ಜಾರಿಸುವ 100 × 150 ಮಿಲಿಮೀಟರ್ ಫಿಲ್ಟರ್ ತೆಗೆದುಕೊಳ್ಳಿ. ಒಂದೇ ಕೊಳ್ಳುವುದಾದರೆ 0.9, ಅಂದರೆ ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ), ಗೆರೆ ಮೆತ್ತಗಿರುವ ಸಾಫ್ಟ್. ತೀರಾ ಅಗ್ಗದವು ಬೂದು ಮೋಡಕ್ಕೂ ನೇರಳೆ ಬಣ್ಣ ಬಳಿಯುತ್ತವೆ.

1. ಟ್ರೈಪಾಡ್ ಊರಿ, ಚೌಕಟ್ಟು ಗೊತ್ತು ಮಾಡಿ, ಫೋಕಸ್ ಲಾಕ್ ಮಾಡಿ.

2. ಚೌಕಟ್ಟಿನ ಒಂದು ಚುಕ್ಕಿಯ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಲ್ಲಿ ಮೊದಲು ಒದ್ದೆ ಬಂಡೆ, ಆಮೇಲೆ ಸೂರ್ಯನಿಂದ ಸ್ವಲ್ಪ ದೂರದ ಆಕಾಶ ಅಳೆಯಿರಿ. ಐದು ಸ್ಟಾಪ್ ವ್ಯತ್ಯಾಸ ಬಂದರೆ ಮೂರು ಸ್ಟಾಪ್ ಫಿಲ್ಟರ್ ಸಾಕು. ಐದನ್ನೂ ಮುಚ್ಚಲು ಹೋಗಬೇಡಿ. ನೀರಿನಲ್ಲಿರುವ ಆಕಾಶದ ಬಿಂಬ ನಿಜವಾದ ಆಕಾಶಕ್ಕಿಂತ ಬೆಳಗಿದರೆ ನೋಡುವವರಿಗೆ ಏನೋ ಎಡವಟ್ಟು ಅನ್ನಿಸುತ್ತದೆ. ಮ್ಯಾನುವಲ್ ಮೋಡಿನಲ್ಲಿ ಅಪರ್ಚರನ್ನು (ಲೆನ್ಸಿನ ಕಿಂಡಿ) ಎಫ್/11ಕ್ಕೆ ಇಳಿಸಿ, ಎಕ್ಸ್‌ಪೋಷರನ್ನು ಬಂಡೆಗೆ ಹೊಂದಿಸಿ ಬಿಟ್ಟುಬಿಡಿ.

3. ಈಗ ಗೆರೆ ಕೂರಿಸುವುದು. ಹೆಚ್ಚಿನವರು ಕೆಡಿಸುವುದು ಇಲ್ಲೇ. ಫಿಲ್ಟರ್ ತೂರಿಸಿ, ಕಣ್ಣಂದಾಜಿನಲ್ಲಿ ನಿಲ್ಲಿಸಿ, ಕ್ಲಿಕ್ ಮಾಡಿಬಿಡುತ್ತಾರೆ. ದೃಶ್ಯ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಾಣುವಂತೆ ಲೈವ್ ವ್ಯೂ ಹಾಕಿ, ಅಪರ್ಚರನ್ನು ಎಫ್/11ಕ್ಕೆ ಇಳಿಸಿಯೇ ತೋರಿಸುವ ಡೆಪ್ತ್ ಪ್ರಿವ್ಯೂ ಬಟನ್ ಒತ್ತಿ ಹಿಡಿಯಿರಿ. ಅಪರ್ಚರ್ ದೊಡ್ಡದಿದ್ದರೆ ಗೆರೆ ಮಸುಕಾಗಿ ಕಾಣುವುದೇ ಇಲ್ಲ. ಫಿಲ್ಟರನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ. ನಿಂತ ಗೆರೆ ಕಣ್ಣಿಗೆ ಬೀಳುವುದಿಲ್ಲ, ಓಡಾಡುವ ಗೆರೆ ತಕ್ಷಣ ಸಿಗುತ್ತದೆ.

ಸಾಫ್ಟ್ ಫಿಲ್ಟರಿನಲ್ಲಿ ಕಪ್ಪು ಮೆಲ್ಲಗೆ ಏರುತ್ತದೆ. ಸಂಜೆ ಆಕಾಶ ಹೆಚ್ಚು ಬೆಳಗುವುದು ಮಾತ್ರ ದಿಗಂತದ ಹತ್ತಿರ. ಹಾಗಾಗಿ ಕಪ್ಪು ಶುರುವಾಗುವ ಜಾಗವನ್ನು ದಿಗಂತಕ್ಕೆ ತಂದರೆ ಮೇಲಿನ ಮೋಡ ಮಸಿಯಾಗಿ, ದಿಗಂತದಲ್ಲಿ ಬಿಳಿ ಪಟ್ಟಿ ಉಳಿಯುತ್ತದೆ. ಇನ್ನೂ ಕೆಳಕ್ಕೆ ಎಳೆಯಿರಿ. ಛಾಯೆ ಏರುವ ಭಾಗದ ನಡು ದಿಗಂತಕ್ಕೆ ಬರಲಿ. ದೂರದ ನೀರು ತುಸು ಕಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ಸೂರ್ಯ ನೀರು ಮುಟ್ಟುವ ಹೊತ್ತಿಗೆ ರಿವರ್ಸ್ ಗ್ರ್ಯಾಡ್ ಇದ್ದರೆ ಇನ್ನೂ ಒಳ್ಳೆಯದು, ಅದರ ಗಾಢ ಭಾಗ ಗೆರೆಯ ಪಕ್ಕದಲ್ಲೇ ಇರುತ್ತದೆ.

ಬರೀ ಕಡಲು, ಬರೀ ಆಕಾಶ ಇದ್ದರೆ ಮಾತ್ರ ಹಾರ್ಡ್, ಅಂದರೆ ಗೆರೆ ಥಟ್ಟನೆ ಬದಲಾಗುವ ಫಿಲ್ಟರ್. ಕಾಪುವಿನ 1901ರ ದೀಪಸ್ತಂಭ ಚೌಕಟ್ಟಿನಲ್ಲಿದ್ದರೆ ಹಾರ್ಡ್ ಅದನ್ನು ಎರಡು ಬಣ್ಣದ ಕಂಬ ಮಾಡಿಬಿಡುತ್ತದೆ. ಅಲ್ಲಿ ಎರಡು ಸ್ಟಾಪಿನ ಸಾಫ್ಟ್ ಹಾಕಿ, ಉಳಿದದ್ದನ್ನು ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಸರಿಮಾಡಿ. ಗೋಕರ್ಣದ ಓಂ ಬೀಚಿನ ಹಾಗೆ ಒಂದು ಪಕ್ಕ ಗುಡ್ಡ ಇಳಿದಿದ್ದರೆ ಹೋಲ್ಡರನ್ನೇ ಆ ಇಳಿಜಾರಿಗೆ ಓರೆ ಮಾಡಿ.

4. ಕ್ಲಿಕ್ ಮಾಡಿ. ಮೂಲೆಗಳಲ್ಲಿ ಹೋಲ್ಡರ್ ಕಾಣುತ್ತಿದೆಯೇ ನೋಡಿ.

ಗಾಜಿನ ಮೇಲೆ ಉಪ್ಪುನೀರಿನ ಹನಿ ಕೂತರೆ ಅಂಗಿಯಲ್ಲಿ ಒರೆಸಬೇಡಿ, ಉಪ್ಪು, ಮರಳು ಗೀರುತ್ತವೆ. ಕುಡಿಯುವ ನೀರು ಸುರಿದು ತೊಳೆದು, ಆಮೇಲೆ ಮೈಕ್ರೊಫೈಬರ್ ಬಟ್ಟೆ ಒತ್ತಿ ತೇವ ತೆಗೆಯಿರಿ.