ಅಂಗಳದ ಹುಲ್ಲಿಗೆ ಎಷ್ಟು ತೂಕದ ಮೆಷಿನ್ ಬೇಕು?

ಮನೆ ಮುಂದೆ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಲಾನ್ ಹಾಕಿಸಿಕೊಂಡವರೆಲ್ಲ ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲು ಕತ್ತರಿಸುವ ಬ್ಯಾಟರಿ ಮೆಷಿನ್ ಹುಡುಕಲು ಶುರು ಮಾಡುತ್ತಾರೆ. ಯಾವುದು ತಗೊಳ್ಳಲಿ ಅಂತ ನನ್ನನ್ನು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಅದನ್ನು ಹಿಡಿಯುವವರು ಯಾರು? ನಮ್ಮ ಮನೆಗಳಲ್ಲಿ ಆರ್ಡರ್ ಮಾಡುವವನು ಮಗ. ವೋಲ್ಟ್ ನೋಡುತ್ತಾನೆ, ಸ್ಟಾರ್ ನೋಡುತ್ತಾನೆ, ಆಫರ್ ನೋಡುತ್ತಾನೆ. ಭಾನುವಾರ ಬೆಳಿಗ್ಗೆ ಅದನ್ನು ಹಿಡಿದು ನಿಲ್ಲುವವರು ಮಾತ್ರ ಅಪ್ಪನೋ ಅಮ್ಮನೋ. ಅವರ ಭುಜ, ಸೊಂಟ, ಮಣಿಕಟ್ಟಿನ ವಿಚಾರ ಯಾವ ಆಫರ್‌ನಲ್ಲೂ ಬರೆದಿರುವುದಿಲ್ಲ.

ಹಾಗಾಗಿ ತೂಕದಿಂದಲೇ ಶುರು ಮಾಡಿ. ಒಂದು ಕೈಯಲ್ಲಿ ಹಿಡಿಯುವ ಬ್ಯಾಟರಿ ಹುಲ್ಲು ಕತ್ತರಿ ಅರ್ಧ ಕೆಜಿ ಆಸುಪಾಸು ಇರುತ್ತದೆ. ತುದಿಯಲ್ಲಿ ನೈಲಾನ್ ದಾರ ಗರಗರ ತಿರುಗಿ ಹುಲ್ಲು ಕತ್ತರಿಸುವ, 18 ವೋಲ್ಟ್‌ನ ಉದ್ದ ಕೋಲಿನ ಟ್ರಿಮ್ಮರ್ 2ರಿಂದ 3 ಕೆಜಿ. ಬೇಲಿ ಗಿಡ ಕತ್ತರಿಸುವ ಹೆಡ್ಜ್ ಟ್ರಿಮ್ಮರ್ ಕೂಡ ಹೆಚ್ಚುಕಡಿಮೆ ಅಷ್ಟೇ, ಆದರೆ ಅದನ್ನು ಎದೆಮಟ್ಟಕ್ಕೆ ಎತ್ತಿ ಹಿಡಿಯಬೇಕಾದ್ದರಿಂದ ಇನ್ನೂ ಭಾರ ಅನ್ನಿಸುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಹೆಗಲಿಗೆ ಪಟ್ಟಿ ಹಾಕಿಕೊಂಡು ಕಳೆ ಹೊಡೆಯುವ ಪೆಟ್ರೋಲ್ ಮೆಷಿನ್ ನೋಡಿರುತ್ತೀರಿ. ಅದು ಏಳೆಂಟು ಕೆಜಿ ತೂಗುತ್ತದೆ. ತೋಟಕ್ಕೆ ಅದೇ ಸರಿ. ಇನ್ನೂರು ಚದರಡಿ ಲಾನ್‌ಗೆ ಅದನ್ನು ತರುವುದು ಸುಮ್ನೆ ಮೈನೋವು.

ಪೆಟ್ಟಿಗೆ ಮೇಲೆ ಬರೆದ ತೂಕವನ್ನು ಹಾಗೇ ನಂಬಬೇಡಿ. ಎಷ್ಟೋ ಕಡೆ ಅದು ಬ್ಯಾಟರಿ ಬಿಟ್ಟು ಹೇಳಿದ ತೂಕ. 4 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ತುಂಬಿಕೊಳ್ಳುತ್ತದೆ ಎನ್ನುವ ಅಳತೆ) ಬ್ಯಾಟರಿ ಸಿಕ್ಕಿಸಿದರೆ ಅದೊಂದೇ ಅರ್ಧ ಕೆಜಿಗಿಂತ ಜಾಸ್ತಿ. ಸಾಧ್ಯವಾದರೆ ಅಂಗಡಿಗೆ ಹೋಗಿ, ಬ್ಯಾಟರಿ ಹಾಕಿಸಿ ಕೈಯಲ್ಲಿ ಹಿಡಿದು ನೋಡಿ. ಬೆನ್ನು ನೆಟ್ಟಗಿರಲಿ, ಬಲಗೈ ಹಿಂದಿನ ಹಿಡಿಯಲ್ಲಿ, ಎಡಗೈ ಮುಂದಿನ ಹಿಡಿಯಲ್ಲಿ. ಟ್ರಿಮ್ಮರ್‌ನ ತಲೆ ನೆಲದಿಂದ ಎರಡು ಬೆರಳು ಮೇಲೆ ನಿಲ್ಲಬೇಕು. ಹಾಗೆ ಎರಡು ನಿಮಿಷ ನಿಂತುಕೊಳ್ಳಿ. ಹಿಂದೆ ಬ್ಯಾಟರಿ, ಮುಂದೆ ಮೋಟಾರು, ಎರಡರ ಭಾರ ಸರಿತೂಗಿದ್ದರೆ ಮಣಿಕಟ್ಟಿಗೆ ಏನೂ ಗೊತ್ತಾಗುವುದಿಲ್ಲ. ತಲೆ ಕೆಳಗೆ ಜಗ್ಗುತ್ತಿದ್ದರೆ ತೂಕ ಎಷ್ಟೇ ಕಡಿಮೆ ಇದ್ದರೂ ಅದು ನಿಮಗೆ ಭಾರವೇ. ಅಂಗಡಿಯವರು ಅವಸರ ಮಾಡಿದರೆ ಮಾಡಲಿ ಬಿಡಿ.

ಹಾಗೇ ಕೋಲಿನ ಉದ್ದವನ್ನೂ ನೋಡಿಕೊಳ್ಳಿ. ಐದಡಿ ಎತ್ತರದ ಹೆಂಗಸರಿಗೂ ಐದೂಮುಕ್ಕಾಲು ಅಡಿಯ ಗಂಡಸರಿಗೂ ಒಂದೇ ಉದ್ದ ಸರಿಹೋಗುವುದಿಲ್ಲ. ಎಳೆದು ಬಿಗಿ ಮಾಡುವ ಕೋಲಿನದ್ದನ್ನೇ ಕೇಳಿ. ಸ್ವಿಚ್ ಕೂಡ ಒತ್ತಿ ನೋಡಿ. ಹೆಬ್ಬೆರಳಲ್ಲಿ ಲಾಕ್ ಒತ್ತಿ, ತೋರುಬೆರಳಲ್ಲಿ ಸ್ವಿಚ್ ಎಳೆದು ಹಿಡಿದೇ ಇರಬೇಕು. ಬೆರಳ ಗಂಟು ನೋಯುವವರಿಗೆ ಇದು ತೂಕಕ್ಕಿಂತ ದೊಡ್ಡ ತೊಂದರೆ.

ಈಗ ವೋಲ್ಟ್ ವಿಚಾರ. ಒಂದರ ಮೇಲೆ 18 ವೋಲ್ಟ್ ಅಂತಿರುತ್ತದೆ, ಪಕ್ಕದ್ದರ ಮೇಲೆ 20 ವೋಲ್ಟ್ ಮ್ಯಾಕ್ಸ್, ಮತ್ತೊಂದರ ಮೇಲೆ 21. ಸಾಮಾನ್ಯವಾಗಿ ಮೂರೂ ಒಂದೇ. ಒಳಗೆ ಐದು ಲಿಥಿಯಂ ಸೆಲ್ ಸಾಲಾಗಿ ಕೂತಿರುತ್ತವೆ. ಒಂದೊಂದು ಸೆಲ್‌ಗೆ 3.6 ವೋಲ್ಟ್ ಲೆಕ್ಕದಲ್ಲಿ 18 ಆಯಿತು. ಪೂರ್ತಿ ಚಾರ್ಜ್ ಆದಾಗ ಸೆಲ್ 4.2ರವರೆಗೆ ಏರುತ್ತದೆ, ಆಗ 21. ಅಗ್ಗದ ಮೆಷಿನ್‌ಗಳ ಮೇಲೆ 48, 88 ಅಂತ ದೊಡ್ಡ ಅಂಕಿ ಹಾಕಿ ಪಕ್ಕದಲ್ಲಿ ಚಿಕ್ಕದಾಗಿ ವಿಎಫ್ ಅಂತ ಬರೆದಿರುತ್ತಾರೆ. ಅದು ವೋಲ್ಟೇ ಅಲ್ಲ. ಅಂಕಿ ನೋಡಿ ಮರುಳಾಗಬೇಡಿ.

ಯಾವ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎನ್ನುವುದಕ್ಕೆ ಸುಲಭದ ಲೆಕ್ಕ ಇದೆ. ವೋಲ್ಟನ್ನು ಎಎಚ್‌ನಿಂದ ಗುಣಿಸಿ. 18 ವೋಲ್ಟ್, 2 ಎಎಚ್ ಅಂದರೆ 36 ವ್ಯಾಟ್ ಅವರ್, ಅಂದರೆ 36 ವ್ಯಾಟ್ ಎಳೆದರೆ ಒಂದು ಗಂಟೆ ಬರುತ್ತದೆ. ಟ್ರಿಮ್ಮರ್ ಹುಲ್ಲಿಗೆ ಕೊಟ್ಟಾಗ 200 ವ್ಯಾಟ್ ಎಳೆದರೆ ಆ ಬ್ಯಾಟರಿ ಹತ್ತು ಹನ್ನೊಂದು ನಿಮಿಷ ಬರುತ್ತದೆ. ಪೆಟ್ಟಿಗೆ ಮೇಲೆ ಅರ್ಧ ಗಂಟೆ ಅಂತ ಬರೆದಿದ್ದರೆ ಅದು ಗಾಳಿಯಲ್ಲಿ ಸುಮ್ಮನೆ ತಿರುಗಿಸಿದ ಲೆಕ್ಕ ಇರಬಹುದು. ಹತ್ತು ನಿಮಿಷ ಸಾಕಾಗುತ್ತಾ? ಇನ್ನೂರು ಚದರಡಿಯ ಅಂಚು ಸುತ್ತಿ ಬರಲು ಧಾರಾಳವಾಗಿ ಸಾಕು. ಅಷ್ಟು ಹೊತ್ತಿಗೆ ನಿಮ್ಮ ಕೈಯೂ ವಿಶ್ರಾಂತಿ ಕೇಳುತ್ತದೆ. ದೊಡ್ಡ ಬ್ಯಾಟರಿ ಒಂದು ಕೊಳ್ಳುವ ಬದಲು 2 ಎಎಚ್‌ನ ಚಿಕ್ಕವು ಎರಡು ಇಟ್ಟುಕೊಳ್ಳಿ ಎನ್ನುವುದು ನನ್ನ ಮಾತು. ಒಂದು ಚಾರ್ಜಿಗೆ, ಒಂದು ಕೈಯಲ್ಲಿ. ಅಮೆರಿಕದಲ್ಲಿರುವ ಮಕ್ಕಳು ವಿಡಿಯೊ ಕಳಿಸಿ 40 ವೋಲ್ಟ್, 56 ವೋಲ್ಟ್‌ದೇ ತಗೊಳ್ಳಿ ಅನ್ನುತ್ತಾರೆ. ಅವರ ಹಿತ್ತಲಲ್ಲಿ ನಮ್ಮ ಬೀದಿಯ ನಾಲ್ಕು ಸೈಟು ಹಿಡಿಸುತ್ತವೆ. ಅವರಿಗೆ ಅದು ಬೇಕು.

ಚಿಕ್ಕ ಮೆಷಿನ್ ಸಾಕಾಗುವುದು ಹುಲ್ಲು ನಿಮ್ಮ ಹತೋಟಿಯಲ್ಲಿದ್ದರೆ ಮಾತ್ರ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಹುಲ್ಲಿನ ಎತ್ತರದಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಒಂದೇ ಸಲ ತೆಗೆಯಬಾರದು. ಒಂದೂವರೆ ಇಂಚಿಗೆ ಇಡಬೇಕೆಂದಿದ್ದರೆ ಎರಡೂಕಾಲು ಇಂಚು ಬಂದಾಗಲೇ ಕತ್ತರಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇದು ಹೆಚ್ಚುಕಡಿಮೆ ವಾರಕ್ಕೊಮ್ಮೆಯ ಕೆಲಸ. ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ ನಡೆಯುತ್ತದೆ. ಮಾಲಿ ಎರಡು ತಿಂಗಳಿಗೊಮ್ಮೆ ಬಂದು ಬುಡದವರೆಗೆ ಬೋಳಿಸಿ ಹೋದಾಗ ಲಾನ್ ಹಳದಿಯಾಗುವುದು ನೋಡಿದ್ದೀರಲ್ವಾ? ಎಲೆಯೆಲ್ಲ ಹೋಗಿ ಬರೀ ಕಡ್ಡಿ ಉಳಿದಿರುತ್ತದೆ. ಆ ಖಾಲಿ ಜಾಗದಲ್ಲಿ ಬಿಸಿಲು ಬಿದ್ದು ಕಳೆ ಮೇಲೇಳುತ್ತದೆ. ಮೊಣಕಾಲುದ್ದ ಬೆಳೆದ ಹುಲ್ಲಿಗೆ ಹಗುರದ ಟ್ರಿಮ್ಮರ್ ಹಾಕಿದರೆ ದಾರ ಸುತ್ತಿಕೊಂಡು ಮೋಟಾರು ಬಿಸಿಯಾಗುತ್ತದೆ. ಆಮೇಲೆ ಮೆಷಿನ್ ಸರಿಯಿಲ್ಲ ಅಂತ ಬೈಯುತ್ತೇವೆ.

ನಿಮ್ಮ ಲಾನ್‌ನಲ್ಲಿ ಯಾವ ಹುಲ್ಲಿದೆ ಎನ್ನುವುದೂ ಮುಖ್ಯ. ನರ್ಸರಿಯವರು ಮೆಕ್ಸಿಕನ್ ಗ್ರಾಸ್ ಅಂತ ಚೌಕ ಚೌಕ ಹಾಳೆಯಾಗಿ ತಂದು ಹಾಸುತ್ತಾರಲ್ಲ, ಅದು ನಿಧಾನವಾಗಿ ಬೆಳೆಯುತ್ತದೆ. ಆದರೆ ಬಹಳ ದಟ್ಟ. ಬಿಟ್ಟರೆ ಗುಡ್ಡೆ ಗುಡ್ಡೆಯಾಗಿ ಉಬ್ಬುತ್ತದೆ. ಬರ್ಮುಡಾ ಅಂದರೆ ನಮ್ಮ ಗರಿಕೆಯ ಜಾತಿಯೇ, ಬೇಗ ಬೆಳೆದು ಅಂಚು ದಾಟಿ ಹೂಕುಂಡದ ಒಳಗೂ ಕಾಲಿಡುತ್ತದೆ. ಗರಿಕೆ ಇರುವ ಮನೆಯವರು ಮೂಲೆಯಲ್ಲಿ ಎರಡಡಿ ಕತ್ತರಿಸದೆ ಬಿಡಿ, ಗಣೇಶನ ಹಬ್ಬಕ್ಕೆ ಮಾರ್ಕೆಟ್ಟಿಗೆ ಓಡುವುದು ತಪ್ಪುತ್ತದೆ. ಇನ್ನು ಜೇಕು ಎಂಬ ಕಳೆ. ಅದಕ್ಕೆ ಯಾವ ಮೆಷಿನ್ನೂ ಮದ್ದಲ್ಲ. ಮೇಲೆ ಕತ್ತರಿಸಿದಷ್ಟೂ ಕೆಳಗಿನ ಗೆಡ್ಡೆಯಿಂದ ಚಿಗುರುತ್ತದೆ. ಮಳೆ ಬಂದು ಮಣ್ಣು ಮೆತ್ತಗಾದಾಗ ಚೂಪು ಕಡ್ಡಿ ಹಾಕಿ ಗೆಡ್ಡೆ ಸಮೇತ ಎಬ್ಬಿಸಬೇಕು.

ಬಹಳ ಜನ ಟ್ರಿಮ್ಮರ್ ಒಂದರಲ್ಲೇ ಇಡೀ ಲಾನ್ ಕತ್ತರಿಸಲು ಹೋಗುತ್ತಾರೆ. ಆಗುತ್ತದೆ, ಆದರೆ ಒಂದು ಕಡೆ ಬೋಳು, ಒಂದು ಕಡೆ ಉದ್ದ. ಟ್ರಿಮ್ಮರ್ ಇರುವುದು ಅಂಚಿಗೆ, ಕಾಂಪೌಂಡ್ ಬುಡಕ್ಕೆ, ಕಲ್ಲು ಹಾಸಿನ ಸಂದಿಗೆ. ದಾರದ ತುದಿ ಮಾತ್ರ ಹುಲ್ಲಿಗೆ ತಾಗಬೇಕು, ಒಳಗೆ ನುಗ್ಗಿಸಬಾರದು. ಗೋಡೆಗೆ ಉಜ್ಜಿದರೆ ದಾರ ಐದೇ ನಿಮಿಷದಲ್ಲಿ ಸವೆದುಹೋಗುತ್ತದೆ. ನೈಲಾನ್ ದಾರ ವರ್ಷಗಟ್ಟಲೆ ಶೆಡ್ಡಿನಲ್ಲಿ ಒಣಗಿ ಪಟಪಟ ಮುರಿಯುತ್ತಿದ್ದರೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಿ, ಮತ್ತೆ ಮೆತ್ತಗಾಗುತ್ತದೆ. ಚಿಕ್ಕ ಮೆಷಿನ್‌ಗೆ 1.6 ಮಿಲಿಮೀಟರ್ ದಾರ ಹೇಳಿದ್ದರೆ ಅದನ್ನೇ ಹಾಕಿ. ಗಟ್ಟಿ ಇರಲಿ ಅಂತ 2.4 ತಂದು ತುರುಕಿದರೆ ಮೋಟಾರಿಗೆ ಹೊರೆ. ದಾರದ ಬದಲು ಪ್ಲಾಸ್ಟಿಕ್ ಬ್ಲೇಡ್ ಬರುವ ಮೆಷಿನ್‌ಗಳೂ ಇವೆ, ವಯಸ್ಸಾದವರಿಗೆ ಬದಲಾಯಿಸಲು ಸುಲಭ. ಕೆಲವದರ ಜೊತೆ ಗರಗಸದ ಹಲ್ಲಿನ ಕಬ್ಬಿಣದ ಚಕ್ರವನ್ನೂ ಉಚಿತ ಅಂತ ಕೊಡುತ್ತಾರೆ. ಮನೆ ಲಾನ್‌ಗೆ ಅದು ಬೇಡವೇ ಬೇಡ. ಕಲ್ಲಿಗೆ ತಗುಲಿದರೆ ಮೆಷಿನ್ನೇ ಪಕ್ಕಕ್ಕೆ ಹಾರಿ ಕಾಲಿನ ಕಡೆ ಬರುತ್ತದೆ.

ಎಳೆ ಗಿಡದ ಬುಡದ ಹತ್ತಿರ ಟ್ರಿಮ್ಮರ್ ಒಯ್ಯಲೇಬೇಡಿ. ನೈಲಾನ್ ದಾರ ಸಂಪಿಗೆ, ಮಾವು, ನಿಂಬೆ ಗಿಡದ ಸಿಪ್ಪೆಯನ್ನು ಸುತ್ತಲೂ ಕೆತ್ತಿಬಿಡುತ್ತದೆ. ಗಿಡ ಆಹಾರ ಸಾಗಿಸುವುದು ಆ ಸಿಪ್ಪೆಯಲ್ಲೇ. ಒಂದು ಸುತ್ತು ಪೂರ್ತಿ ಹೋದರೆ ಗಿಡ ಕೆಲವು ತಿಂಗಳಲ್ಲಿ ಒಣಗುತ್ತದೆ, ಯಾಕೆ ಒಣಗಿತು ಅಂತ ಯಾರಿಗೂ ಹೊಳೆಯುವುದಿಲ್ಲ. ಬುಡದ ಸುತ್ತ ಒಂದಡಿ ಹುಲ್ಲು ಕಿತ್ತು ಒಣ ಎಲೆ ಹಾಸಿ. ಅಲ್ಲಿ ಕತ್ತರಿಸುವ ಕೆಲಸವೇ ಇರುವುದಿಲ್ಲ.

ಹುಲ್ಲು ಸಮನಾಗಿ ಕಾಣಬೇಕು ಅಂದರೆ ಕೈಯಲ್ಲಿ ತಳ್ಳುವ ಉರುಳೆ ಮೂವರ್, ಅಂದರೆ ಹುಲ್ಲು ಕತ್ತರಿಸುವ ಚಕ್ರದ ಗಾಡಿ, ನನಗೆ ಈಗಲೂ ಇಷ್ಟ. ಬ್ಯಾಟರಿಯೂ ಇಲ್ಲ, ವೈರೂ ಇಲ್ಲ. ಎಡ್ವಿನ್ ಬಡ್ಡಿಂಗ್ ಎಂಬ ಇಂಗ್ಲೆಂಡಿನವನು 1830ರಲ್ಲಿ ಇದನ್ನು ಮಾಡಿದ. ಬಟ್ಟೆ ಗಿರಣಿಯಲ್ಲಿ ಬಟ್ಟೆಯ ಮೇಲಿನ ನಾರು ಕತ್ತರಿಸುವ ಯಂತ್ರ ನೋಡಿ ಅವನಿಗೆ ಈ ಉಪಾಯ ಹೊಳೆಯಿತಂತೆ. ಉರುಳೆಯ ಬ್ಲೇಡು ಮತ್ತು ಕೆಳಗಿನ ಪಟ್ಟಿ ಸೇರಿ ಕತ್ತರಿಯ ಹಾಗೆ ಹುಲ್ಲನ್ನು ಕತ್ತರಿಸುತ್ತವೆ, ಹರಿಯುವುದಿಲ್ಲ. ಹಾಗಾಗಿ ತುದಿ ಕಂದಾಗುವುದು ಕಡಿಮೆ. ಹರಿತ ಇದೆಯೋ ಇಲ್ಲವೋ ನೋಡಲು ದಿನಪತ್ರಿಕೆಯ ಒಂದು ಪಟ್ಟಿಯನ್ನು ಬ್ಲೇಡಿನ ಮಧ್ಯೆ ಹಿಡಿದು, ಬೆರಳು ದೂರ ಇಟ್ಟುಕೊಂಡು, ಉರುಳೆಯನ್ನು ಮೆಲ್ಲಗೆ ತಿರುಗಿಸಿ. ಪೇಪರ್ ನೀಟಾಗಿ ಕತ್ತರಿಸಿ ಬಿದ್ದರೆ ಸರಿ. ಮಡಚಿಕೊಂಡು ಒಳಗೆ ಹೋದರೆ ಸ್ಕ್ರೂ ಬಿಗಿ ಮಾಡಬೇಕು ಅಥವಾ ಸಾಣೆ ಹಿಡಿಸಬೇಕು. ತಳ್ಳಲು ಆಗದವರು 32 ಸೆಂಟಿಮೀಟರ್ ಅಗಲದ ಬ್ಯಾಟರಿ ಮೂವರ್ ತಗೊಳ್ಳಬಹುದು. ಅದು ಹತ್ತು ಕೆಜಿಯಷ್ಟು ತೂಗುತ್ತದೆ. ನೆಲದ ಮೇಲೆ ಉರುಳುವಾಗ ಭಾರ ಗೊತ್ತಾಗುವುದಿಲ್ಲ. ಆದರೆ ಶೆಡ್ಡಿನಿಂದ ಲಾನ್‌ಗೆ ಎಷ್ಟು ಮೆಟ್ಟಿಲಿವೆ ಅಂತ ಮೊದಲು ಎಣಿಸಿಕೊಳ್ಳಿ.

ನೂರು ಚದರಡಿಗಿಂತ ಚಿಕ್ಕದಾದರೆ ಇದ್ಯಾವುದೂ ಬೇಡ. ಚಕ್ರ ಮತ್ತು ಉದ್ದ ಹಿಡಿ ಸಿಕ್ಕಿಸಿಕೊಳ್ಳಬಹುದಾದ ಬ್ಯಾಟರಿ ಹುಲ್ಲು ಕತ್ತರಿ ಒಂದೇ ಸಾಕು. ನಿಂತೇ ಕತ್ತರಿಸಬಹುದು. ಅದಕ್ಕೆ ಪೊದೆ ಕತ್ತರಿಸುವ ಬ್ಲೇಡು ಕೂಡ ಬರುತ್ತದೆ, ಡುರಾಂಟಾ ಗಿಡದ ಬೇಲಿಯ ಎಳೆ ಚಿಗುರಿಗೆ ಅದೇ ನಡೆಯುತ್ತದೆ. ದಾಸವಾಳಕ್ಕೆ ಮಾತ್ರ ಮೆಷಿನ್ ಹಾಕಬೇಡಿ, ಮೊಗ್ಗೆಲ್ಲ ಹೋಗುತ್ತದೆ. ಕೈ ಕತ್ತರಿಯಲ್ಲಿ ಒಂದೊಂದೇ ಕೊಂಬೆ ನೋಡಿ ತೆಗೆಯಿರಿ. ಎಲೆ ಊದುವ ಬ್ಲೋವರ್ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಕಡ್ಡಿ ಪೊರಕೆ. ಬ್ಲೋವರ್ ನಮ್ಮ ಎಲೆಯನ್ನು ಪಕ್ಕದ ಮನೆಯ ಗೇಟಿಗೆ ಕಳಿಸುತ್ತದೆ, ಆಮೇಲೆ ಅವರ ಜೊತೆ ಮಾತು ಬೆಳೆಯುತ್ತದೆ.

ಕೊಳ್ಳುವಾಗ ಒಂದು ವಿಷಯ ನೆನಪಿಡಿ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಬಾಷ್‌ನಲ್ಲೇ ಹಸಿರು ಮೆಷಿನ್‌ನ 18 ವೋಲ್ಟ್ ಬ್ಯಾಟರಿ ನೀಲಿ ಮೆಷಿನ್‌ಗೆ ಆಗುವುದಿಲ್ಲ. ಮನೆಯಲ್ಲಿ ಈಗಾಗಲೇ ಬ್ಯಾಟರಿ ಡ್ರಿಲ್ ಇದ್ದರೆ ಅದೇ ಬ್ಯಾಟರಿಗೆ ಹೊಂದುವ ಟ್ರಿಮ್ಮರ್ ಸಿಗುತ್ತದಾ ನೋಡಿ. ಸಿಕ್ಕರೆ ಬ್ಯಾಟರಿ, ಚಾರ್ಜರ್ ಖರ್ಚು ಉಳಿಯಿತು. ಆನ್‌ಲೈನ್‌ನಲ್ಲಿ ಬೆಲೆ ತೀರಾ ಕಡಿಮೆ ಕಂಡರೆ ವಿವರ ಪೂರ್ತಿ ಓದಿ. ಫೋಟೋದಲ್ಲಿ ಬ್ಯಾಟರಿ ಇರುತ್ತದೆ, ಪೆಟ್ಟಿಗೆಯಲ್ಲಿ ಇರುವುದಿಲ್ಲ. ಬೇರ್ ಟೂಲ್, ಸೋಲೋ ಅಂತ ಬರೆದಿದ್ದರೆ ಅದರ ಅರ್ಥ ಅದೇ. ನಿಮ್ಮ ಊರಲ್ಲಿ ರಿಪೇರಿ ಮಾಡುವವರು ಇದ್ದಾರಾ, ದಾರದ ರೀಲು ಬಿಡಿಯಾಗಿ ಸಿಗುತ್ತದಾ ಅಂತ ಹಣ ಕೊಡುವ ಮೊದಲೇ ಕೇಳಿ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಸುತ್ತು ನಡೆದು ಕಲ್ಲು, ತೆಂಗಿನ ಚಿಪ್ಪು, ಮಕ್ಕಳ ಆಟಿಕೆ ಎತ್ತಿಡಿ. ದಾರಕ್ಕೆ ಸಿಕ್ಕ ಸಣ್ಣ ಕಲ್ಲು ಕಾರಿನ ಗಾಜು ಒಡೆಯಬಲ್ಲದು, ಕಣ್ಣನ್ನಂತೂ ಕೇಳಲೇಬೇಡಿ. ಕನ್ನಡಕ, ಮುಚ್ಚಿದ ಶೂ, ಕಾಲು ಮುಚ್ಚುವ ಪ್ಯಾಂಟು ಇರಲಿ. ಸೀರೆ ಉಟ್ಟು, ಹವಾಯಿ ಚಪ್ಪಲಿ ಹಾಕಿಕೊಂಡು ಟ್ರಿಮ್ಮರ್ ಹಿಡಿಯುವುದು ಬೇಡ. ಮಳೆಗಾಲದಲ್ಲಿ ಹುಲ್ಲೊಳಗೆ ಹಾವು, ಚೇಳು ಇರಬಹುದು, ಮೊದಲು ಕೋಲಿನಲ್ಲಿ ತಟ್ಟಿ. ಬೆಳಗಿನ ಇಬ್ಬನಿ ಆರಿದ ಮೇಲೆಯೇ ಕತ್ತರಿಸಿ. ಒದ್ದೆ ಹುಲ್ಲು ಮುದ್ದೆಯಾಗಿ ಮೆಷಿನ್ ತಲೆಗೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ತೆಗೆಯುವಾಗ ಬ್ಯಾಟರಿ ಕಳಚಿಟ್ಟೇ ಕೈ ಹಾಕಿ. ಪೈಪು ಹಿಡಿದು ತೊಳೆಯಬೇಡಿ, ಹಳೆ ಟೂತ್‌ಬ್ರಷ್ ಸಾಕು.

ಬ್ಯಾಟರಿಗೆ ಶತ್ರು ಬಿಸಿಲು. ಕೆಲಸ ಮುಗಿದ ತಕ್ಷಣ ಬಿಸಿ ಬಿಸಿಯಾಗಿರುವುದನ್ನು ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ನೆರಳಲ್ಲಿಡಿ. ತಗಡಿನ ಶೆಡ್ಡು, ನಿಲ್ಲಿಸಿದ ಕಾರು ಎರಡೂ ಬೇಡ, ಮನೆಯೊಳಗಿನ ಕಪಾಟು ಒಳ್ಳೆಯದು. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಪೂರ್ತಿ ತುಂಬಿಸಿಯೂ ಇಡಬೇಡಿ, ಪೂರ್ತಿ ಖಾಲಿ ಮಾಡಿಯೂ ಇಡಬೇಡಿ. ಅರ್ಧದಷ್ಟು ಚಾರ್ಜ್ ಇರಲಿ. ಆಯುಧಪೂಜೆಗೆ ಮೆಷಿನ್‌ಗೆ ಕುಂಕುಮ ಇಡುವಾಗ ಬ್ಯಾಟರಿ ತೆಗೆದಿಟ್ಟು ಇಡಿ, ಅದರ ತಾಮ್ರದ ಸಂದಿಗೆ ಪುಡಿ ಬೀಳದಿರಲಿ. ಊದಿಕೊಂಡ, ಬಿರುಕು ಬಿಟ್ಟ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಹಾಳಾದದ್ದನ್ನು ಒಣ ಕಸದ ಬುಟ್ಟಿಗೆ ಎಸೆದರೆ ಕಸದ ಗಾಡಿಯಲ್ಲಿ ಜಜ್ಜಿ ಬೆಂಕಿ ಹತ್ತಬಹುದು. ಬ್ಯಾಟರಿ ತಯಾರಿಸುವವರೇ ಹಳೆಯದರ ಜವಾಬ್ದಾರಿ ಹೊರಬೇಕು ಅಂತ 2022ರಿಂದ ದೇಶದಲ್ಲಿ ನಿಯಮ ಇದೆ. ಹಾಗಾಗಿ ಕೊಂಡ ಅಂಗಡಿಯಲ್ಲಿ ಕೇಳಿ. ಅಲ್ಲಿ ಆಗದಿದ್ದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ, ತಾಮ್ರದ ತುದಿಗಳಿಗೆ ಟೇಪು ಸುತ್ತಿ ಕೊಡಿ.